ಮೇಪಲ್ ಮರದ ರಸವನ್ನು ಇಳಿಜಾರಿನ ಕೊಳವೆಗಳಿಂದ ಸಂಗ್ರಹಿಸುವ ಕ್ರಮ

(ವ್ಯವಸಾಯದ ಇಲಾಖೆಯ ಇನ್‌ಸ್ಪೆಕ್ಟರೊಬ್ಬರು, ಎಲ್. ಎಜಿ.)

೧. ಪೀಠಿಕೆ

ಕೆನಡಾ ದೇಶದ ಧ್ವಜದಲ್ಲಿ ೧೯೬೫ರಿಂದ ಒಂದು ಕೆಂಪು ಎಲೆಯ ಚಿತ್ರವಿರುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅದು ಮೇಪಲ್ ಎಂಬ ಮರದ ಎಲೆ. ಈ ಮರದಲ್ಲಿ ಹಲವು ಜಾತಿಗಳುಂಟು. ಅವುಗಳಲ್ಲಿ ಸಕ್ಕರೆ ಮೇಪಲ್ ಎಂಬುದೇ ಮುಖ್ಯವಾದುದು. ಕೆನಡಾದ ಕ್ವಿಬೆಕ್, ಆಂಟೇರಿಯೊ ಪ್ರಾಂತಗಳಲ್ಲಿಯೂ, ಅಮೆರಿಕಾ ಸಂಯುಕ್ತ ಸಂಸ್ಥಾನದ ವರ್ಮಾಂಟ್, ನ್ಯೂಯಾರ್ಕ್, ಮೇನ್ ಮುಂತಾದ ಈಶಾನ್ಯ ಭಾಗಗಳಲ್ಲಿಯೂ ಇದು ಗುಡ್ಡಗಳ ಮೇಲೆ ತಾನಾಗಿ ಬೆಳೆದಿದೆ. ಕಬ್ಬು ಬೆಳೆಯಲಾಗದ ಆ ಹಿಮದ ನಾಡಿನಲ್ಲಿ, ಈ ಮರದ ಕಾಂಡದಲ್ಲಿ ಸಣ್ಣ ರಂಧ್ರವನ್ನು ಕೊರೆದು, ತೊಟ್ಟಿಕ್ಕುವ ರಸವನ್ನು ಹಿಡಿದು, ಅದನ್ನು ಕಾಯಿಸಿ ಪಾಕವನ್ನೂ ಸಕ್ಕರೆಯನ್ನೂ ತಯಾರಿಸುತ್ತಾರೆ. ಯೂರೋಪಿನವರು ಅಲ್ಲಿಗೆ ಹೋಗುವುದಕ್ಕೆ ಮೊದಲೇ ಅಬೆನಕಿ, ಒಜಿಬ್ವೆ ಮುಂತಾದ ಮೂಲನಿವಾಸಿ ಜನರಿಗೆ ಈ ವಿದ್ಯೆ ತಿಳಿದಿತ್ತು. ಇಂದು ಪ್ರಪಂಚದಲ್ಲಿ ಆಗುವ ಮೇಪಲ್ ಪಾಕದಲ್ಲಿ ನೂರಕ್ಕೆ ಸುಮಾರು ೭೦ ಪಾಲು ಕ್ವಿಬೆಕ್ ಪ್ರಾಂತವೊಂದರಿಂದಲೇ ಬರುತ್ತದೆ.

ಈ ಮರವನ್ನು ನಮ್ಮಲ್ಲಿ ನೆಡಬೇಕೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲದ ಕಡೆ ಇದರಿಂದ ರಸ ಇಳಿಯದು; ಆದುದರಿಂದ ನಮ್ಮ ಸೀಮೆಯಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಹಾಗಾದರೆ ಇದನ್ನು ಓದುವುದರಿಂದ ಪ್ರಯೋಜನವೇನೆಂದು ಗ್ರಾಮದ ಮುಖಂಡರೂ ಜಮೀನಿನ ಒಡೆಯರೂ ಕೇಳಬಹುದು. ಪ್ರಯೋಜನ ಎರಡು ಬಗೆಯದು. ಯಂತ್ರವಿಲ್ಲದೆ, ವಿದ್ಯುಚ್ಛಕ್ತಿಯಿಲ್ಲದೆ, ಆಳುಗಳ ತಲೆಹೊರೆಯಿಲ್ಲದೆ, ಗುಡ್ಡದ ಮೇಲಿನ ನೂರಾರು ಮರಗಳ ರಸವು ತನ್ನ ಭಾರದಿಂದ ತಾನೇ ಹರಿದು ಕೆಳಗಿನ ಒಂದು ತೊಟ್ಟಿಗೆ ಬಂದು ಬೀಳುವಂತೆ ಆ ದೇಶದ ರೈತನು ಮಾಡಿಕೊಂಡಿರುವ ಏರ್ಪಾಡು ಮೊದಲನೆಯದು. ಮಲೆನಾಡಿನಲ್ಲಿ ಗುಡ್ಡದ ಅಬ್ಬಿಯ ನೀರನ್ನು ಅಡಕೆ ಮರದ ದಬ್ಬೆಯಿಂದಲೋ ಕೊಳವೆಯಿಂದಲೋ ಮನೆಗೂ ತೋಟಕ್ಕೂ ತರುವವರಿಗೆ ಇದರ ನಿಯಮಗಳು ಕೂಡಲೇ ಮನಸ್ಸಿಗೆ ಹತ್ತುವುವು. ಒಂದು ಮರದಿಂದ ವರ್ಷವರ್ಷವೂ ಆದಾಯವನ್ನು ಪಡೆಯುತ್ತ ಆ ಮರವನ್ನು ಕೆಡಿಸದೆ ಮಕ್ಕಳು ಮೊಮ್ಮಕ್ಕಳಿಗೆ ಉಳಿಸುವ ಮಿತಿ ಎರಡನೆಯದು.

೨. ರಸವು ಇಳಿಯುವ ಕಾರಣ

ಬೇಸಗೆಯಲ್ಲಿ ಎಲೆಗಳು ತಯಾರಿಸಿದ ಆಹಾರವು ಮರದ ಕಾಂಡದಲ್ಲಿಯೂ ಬೇರಿನಲ್ಲಿಯೂ ಹಿಟ್ಟಿನ ರೂಪದಲ್ಲಿ ಶೇಖರವಾಗಿರುತ್ತದೆ. ಚಳಿ ಬಂದಾಗ ಅದರಲ್ಲಿ ಒಂದು ಭಾಗ ಸಕ್ಕರೆಯಾಗಿ ರಸದಲ್ಲಿ ಕರಗುತ್ತದೆ. ಫೆಬ್ರವರಿ ತಿಂಗಳ ಕೊನೆಯಿಂದ ಏಪ್ರಿಲ್‌ವರೆಗೆ, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿಯೂ ಹಗಲು ಹಿಮ ಕರಗುವಷ್ಟು ಬಿಸಿಲೂ ಇರುವ ದಿವಸಗಳು ಬರುತ್ತವೆ. ರಾತ್ರಿ ಮರದ ನಾರುಗಳೊಳಗಿನ ಗಾಳಿ ಕುಗ್ಗಿ, ಅಲ್ಲಿ ಹಿಮ ಕಟ್ಟುವಾಗ ಬೇರಿನ ಕಡೆಯಿಂದ ನೀರು ಮೇಲಕ್ಕೆ ಎಳೆಯಲ್ಪಡುತ್ತದೆ. ಹಗಲು ಆ ಹಿಮ ಕರಗಿ, ಗಾಳಿ ಹಿಗ್ಗಿ, ಮರದೊಳಗಿನ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಹೆಚ್ಚಾಗುತ್ತದೆ. ಆಗ ಕಾಂಡದಲ್ಲಿ ರಂಧ್ರವಿದ್ದರೆ ರಸವು ಅದರ ಮೂಲಕ ಹೊರಕ್ಕೆ ಬರುತ್ತದೆ. ರಾತ್ರಿ ಚಳಿಯಿಲ್ಲದಿದ್ದರೂ ಹಗಲು ಬಿಸಿಲಿಲ್ಲದಿದ್ದರೂ ರಸ ನಿಲ್ಲುತ್ತದೆ. ಹೀಗೆ ಇಡೀ ಸುಗ್ಗಿಯು ನಾಲ್ಕರಿಂದ ಆರು ವಾರಗಳು ಮಾತ್ರ. ಅದರೊಳಗೂ ರಸ ಚೆನ್ನಾಗಿ ಇಳಿಯುವ ದಿವಸಗಳು ಕೆಲವೇ.

ಈ ರಸವು ಕಣ್ಣಿಗೆ ನೀರಿನಂತೆಯೇ ಇರುತ್ತದೆ. ಕಬ್ಬಿನ ಹಾಲಿನಲ್ಲಿ ನೂರಕ್ಕೆ ೧೬ರಿಂದ ೨೦ ಪಾಲು ಸಕ್ಕರೆಯಿದ್ದರೆ, ಇದರಲ್ಲಿ ಇರುವುದು ಸುಮಾರು ೨ ಪಾಲು ಮಾತ್ರ. ವರ್ಮಾಂಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರಾಗಿದ್ದ ಸಿ. ಎಚ್. ಜೋನ್ಸ್ ಎಂಬುವರು ಇದಕ್ಕೆ ಒಂದು ಸುಲಭವಾದ ಲೆಕ್ಕವನ್ನು ಹೇಳಿಕೊಟ್ಟಿದ್ದಾರೆ: ೮೬ ಎಂಬ ಸಂಖ್ಯೆಯನ್ನು ರಸದಲ್ಲಿರುವ ಸಕ್ಕರೆಯ ನೂರರ ಪಾಲಿನಿಂದ ಭಾಗಿಸಿದರೆ, ಒಂದು ಅಳತೆ ಪಾಕಕ್ಕೆ ಎಷ್ಟು ಅಳತೆ ರಸ ಬೇಕೆಂಬುದು ಬರುತ್ತದೆ. ೨ ಪಾಲಿನ ರಸವಾದರೆ ಒಂದು ಲೀಟರು ಪಾಕಕ್ಕೆ ೪೩ ಲೀಟರು ರಸವನ್ನು ಕಾಯಿಸಬೇಕು. ಆದುದರಿಂದ ಇಲ್ಲಿ ದೊಡ್ಡ ಕೆಲಸವೆಂದರೆ ಅಪಾರವಾದ ನೀರನ್ನು ಗುಡ್ಡದಿಂದ ಕೆಳಗೆ ತರುವುದೇ.

೩. ಹಳೆಯ ಪದ್ಧತಿ

ಪೂರ್ವದಲ್ಲಿ ಪ್ರತಿಯೊಂದು ಮರಕ್ಕೂ ಒಂದು ಮರದ ಅಥವಾ ತಗಡಿನ ಬಕೆಟ್ಟನ್ನು ತೂಗುಹಾಕುತ್ತಿದ್ದರು. ಮೊಣಕಾಲುದ್ದದ ಹಿಮದಲ್ಲಿ ಮರದಿಂದ ಮರಕ್ಕೆ ನಡೆದು, ತುಂಬಿದ ಬಕೆಟ್ಟುಗಳನ್ನು ಹೊತ್ತು, ಕುದುರೆ ಅಥವಾ ಎತ್ತುಗಳು ಎಳೆಯುವ ಜಾರುಬಂಡಿಯ ಮೇಲಿನ ಪೀಪಾಯಿಗೆ ಸುರಿದು ತರಬೇಕಾಗಿತ್ತು. ರಸ ಹೆಚ್ಚಾಗಿ ಇಳಿದ ದಿವಸ ಮನೆಯವರೆಲ್ಲರೂ ದುಡಿದರೂ ಕೆಲವು ಬಕೆಟ್ಟುಗಳು ತುಂಬಿ ಚೆಲ್ಲಿಹೋಗುತ್ತಿದ್ದುವು. ಮಳೆಯ ನೀರೂ ಕಸಕಡ್ಡಿಗಳೂ ಬಕೆಟ್ಟಿಗೆ ಬೀಳುವುದುಂಟು. ಕೆಲವು ಹಳೆಯ ಬಕೆಟ್ಟುಗಳಿಗೆ ಸೀಸದ ಬೆಸುಗೆಯಿದ್ದುದರಿಂದ ಪಾಕಕ್ಕೆ ಸೀಸ ಸೇರುವ ಕೇಡೂ ಇತ್ತು. ಸಣ್ಣ ಹಿಡುವಳಿದಾರರಲ್ಲಿ ಬಕೆಟ್ಟು ಕಟ್ಟುವವರು ಈಗಲೂ ಇದ್ದಾರೆ.

ಕೊಳವೆಯಿಂದ ರಸವನ್ನು ಇಳಿಸುವ ಪ್ರಯತ್ನ ೨೦ನೆಯ ಶತಮಾನದ ಆದಿಭಾಗದಲ್ಲಿಯೇ ಲೋಹದ ಕೊಳವೆಗಳಿಂದ ನಡೆಯಿತು. ಆದರೆ ಅವು ಭಾರವಾಗಿದ್ದು, ಕೂಡಿಸುವುದೂ ತೊಳೆಯುವುದೂ ಕಷ್ಟವಾಗಿತ್ತು. ಬಾಗುವ ಪ್ಲಾಸ್ಟಿಕ್ ಕೊಳವೆಯ ಏರ್ಪಾಡಿಗೆ ವರ್ಮಾಂಟಿನ ನೆಲ್ಸನ್ ಗ್ರಿಗ್ಸ್ ಎಂಬುವರು ೧೯೫೯ರಲ್ಲಿ ಪೇಟೆಂಟ್ ಪಡೆದರು. ಅಲ್ಲಿಂದೀಚೆಗೆ ಈ ಪದ್ಧತಿಯೇ ಬೇರೂರಿದೆ.

೪. ಏರ್ಪಾಡಿನ ಅಂಗಗಳು

ಒಂದು ಹೊಳೆಗೆ ಹಳ್ಳಗಳೂ ಹಳ್ಳಗಳಿಗೆ ತೊರೆಗಳೂ ಸೇರುವಂತೆ ಈ ಏರ್ಪಾಡಿನಲ್ಲಿ ಐದು ಅಂಗಗಳಿರುತ್ತವೆ.

(೧) ನಳಿಕೆ: ಮರದ ರಂಧ್ರಕ್ಕೆ ಬಿಗಿಯಾಗಿ ಕೂಡುವ ಸಣ್ಣ ತುಂಡು.
(೨) ಇಳಿಗೊಳವೆ: ನಳಿಕೆಯಿಂದ ಕವಲು ಕೊಳವೆಗೆ ಇಳಿಯುವ ಎರಡೂವರೆ ಮೂರು ಅಡಿ ಉದ್ದದ ತುಂಡು.
(೩) ಕವಲು ಕೊಳವೆ: ಮರದಿಂದ ಮರಕ್ಕೆ ಹಾಯ್ದು ಬರುವ ತೆಳುವಾದ ಕೊಳವೆ. ಇದರ ಒಳವ್ಯಾಸವು ಸಾಮಾನ್ಯವಾಗಿ ೫/೧೬ ಅಂಗುಲ. ಕಡಿದಾದ ಇಳಿಜಾರಿನಲ್ಲಿ ೩/೧೬ ಅಂಗುಲ.
(೪) ಮುಖ್ಯ ಕೊಳವೆ: ಕವಲುಗಳನ್ನೆಲ್ಲ ಕೂಡಿಸಿಕೊಂಡು ತೊಟ್ಟಿಗೆ ಒಯ್ಯುವ ಮುಕ್ಕಾಲು ಅಥವಾ ಒಂದು ಅಂಗುಲದ ಕೊಳವೆ.
(೫) ತೊಟ್ಟಿ: ಗುಡ್ಡದ ತಳದಲ್ಲಿ, ಬಂಡಿ ಹೋಗುವ ದಾರಿಗೆ ಸಮೀಪದಲ್ಲಿ, ನೆರಳಿನಲ್ಲಿ ಇಡತಕ್ಕ ಮುಚ್ಚಳವುಳ್ಳ ಪಾತ್ರೆ.

ಇವೆಲ್ಲವೂ ಆಹಾರಪದಾರ್ಥಗಳಿಗೆ ಯೋಗ್ಯವಾದ ಪ್ಲಾಸ್ಟಿಕ್ ಅಥವಾ ಕಿಲುಬು ಹಿಡಿಯದ ಉಕ್ಕಿನಿಂದ ಮಾಡಿದುವಾಗಿರತಕ್ಕದ್ದು.

೫. ಸ್ಥಳದ ಪರೀಕ್ಷೆ

ಈ ಕೆಲಸವನ್ನು ಹಿಮ ಬೀಳುವುದಕ್ಕೆ ಮೊದಲೇ, ಎಲೆಗಳು ಇನ್ನೂ ಮರದಲ್ಲಿರುವಾಗಲೇ ಮಾಡುವುದು ಯುಕ್ತ. ಎಲೆಯಿದ್ದರೆ ಸಕ್ಕರೆ ಮೇಪಲ್ ಯಾವುದು, ಬೇರೆ ಜಾತಿ ಯಾವುದು ಎಂದು ಸುಲಭವಾಗಿ ಗೊತ್ತಾಗುತ್ತದೆ. ನೆಲದ ಉಬ್ಬುತಗ್ಗುಗಳೂ ಕಾಣುತ್ತವೆ. ರಸ ತೆಗೆಯಬಹುದಾದ ಮರಗಳಿಗೆಲ್ಲ ಗುರುತು ಹಾಕಿ ಲೆಕ್ಕಮಾಡಬೇಕು. ಮನುಷ್ಯನ ಎದೆಯ ಎತ್ತರದಲ್ಲಿ ಕಾಂಡದ ಸುತ್ತಳತೆಯನ್ನು ದಾರದಿಂದ ನೋಡತಕ್ಕದ್ದು. ಸುತ್ತಳತೆ ೩೮ ಅಂಗುಲಕ್ಕೆ, ಅಂದರೆ ವ್ಯಾಸ ೧೨ ಅಂಗುಲಕ್ಕೆ, ಕಡಿಮೆಯಾಗಿರುವ ಮರವನ್ನು ಮುಟ್ಟದಿರುವುದು ಕ್ಷೇಮ. ವ್ಯಾಸ ೧೨ರಿಂದ ೧೮ ಅಂಗುಲವಿದ್ದರೆ ಒಂದು ರಂಧ್ರ. ಅದಕ್ಕೂ ಮೀರಿದ್ದರೆ ಎರಡು. ಮರ ಎಷ್ಟೇ ದೊಡ್ಡದಾಗಿರಲಿ ಮೂರನೆಯದು ಬೇಡ. ರಸ ತೆಗೆಯುವಷ್ಟು ದಪ್ಪವಾಗಲು ಒಂದು ಮೇಪಲ್ ಸಸಿಗೆ ಸುಮಾರು ೪೦ ವರ್ಷಗಳು ಬೇಕೆಂಬುದನ್ನು ನೆನಪಿನಲ್ಲಿಟ್ಟರೆ ಈ ನಿಯಮದ ಅರ್ಥ ತಿಳಿಯುತ್ತದೆ.

ಅನಂತರ ತೊಟ್ಟಿಯ ಸ್ಥಳವನ್ನು ಗೊತ್ತುಮಾಡಬೇಕು. ಅದು ಎಲ್ಲ ಮರಗಳಿಗಿಂತ ಕೆಳಗಿರಬೇಕಲ್ಲದೆ, ಕೊಳವೆಯ ಬಾಯಿ ತೊಟ್ಟಿಯ ಮೇಲ್ಭಾಗದಿಂದ ಒಳಕ್ಕೆ ಬೀಳುವಷ್ಟು ತಗ್ಗಿನಲ್ಲಿರಬೇಕು. ಅಲ್ಲಿಂದ ಮೇಲ್ಮುಖವಾಗಿ ಮುಖ್ಯ ಕೊಳವೆಯ ದಾರಿಯನ್ನು ಹುಡುಕತಕ್ಕದ್ದು. ಇಳುಕಲು ನೂರು ಅಡಿಗೆ ೨ ಅಡಿಗಿಂತ ಎಂದಿಗೂ ಕಡಿಮೆಯಾಗಬಾರದು. ೩ರಿಂದ ೫ ಅಡಿಯಿದ್ದರೆ ಉತ್ತಮ. ನಿದರ್ಶನಕ್ಕೆ, ಮುಖ್ಯ ಕೊಳವೆಯ ಉದ್ದ ೪೦೦ ಅಡಿಯಾದರೆ, ಮೇಲಿನ ತುದಿಯು ಕೆಳಗಿನ ತುದಿಗಿಂತ ೮ ಅಡಿಯಾದರೂ ಎತ್ತರವಿರಬೇಕು. ೧೨ ಅಡಿಯಿದ್ದರೆ ಲೇಸು. ಇದನ್ನು ಕಣ್ಣಳತೆಯಿಂದ ನಿಶ್ಚಯಿಸಲಾಗದು. ಗುಡ್ಡದ ಓರೆಯಲ್ಲಿ ನಿಂತವನ ಕಣ್ಣು ಮೋಸಹೋಗುವುದು ಸಹಜ. ಏರನ್ನು ಇಳಿಜಾರೆಂದು ಭ್ರಮಿಸಿದವರನ್ನು ನಮ್ಮ ಕಾಲುವೆ ಕೆಲಸಗಳಲ್ಲಿಯೂ ಕಂಡಿದ್ದೇವೆ. ಇಳುಕಲನ್ನು ತೋರಿಸುವ ಕೈಮಟ್ಟದಿಂದಾಗಲಿ, ಎರಡು ತುದಿಯಲ್ಲಿ ನೀರು ಸಮನಾಗಿ ನಿಲ್ಲುವ ಪಾರದರ್ಶಕ ಕೊಳವೆಯಿಂದಾಗಲಿ ಪ್ರತಿ ನೂರು ಅಡಿಗೂ ಅಳೆದು, ಮರಗಳಿಗೆ ಬಣ್ಣದ ಪಟ್ಟಿಯನ್ನು ಕಟ್ಟುತ್ತ ಹೋಗಬೇಕು.

೬. ಮುಖ್ಯ ಕೊಳವೆಯನ್ನು ಕಟ್ಟುವ ರೀತಿ

ಕೊಳವೆಯನ್ನು ನೆಲದ ಮೇಲೆ ಹಾಸಬಾರದು. ಹಿಮದಲ್ಲಿ ಹೂತುಹೋಗುತ್ತದೆ, ನೆಲದ ಏರಿಳಿತವನ್ನೇ ಅನುಸರಿಸುತ್ತದೆ. ಮೊದಲು ಗಟ್ಟಿಯಾದ ಉಕ್ಕಿನ ತಂತಿಯನ್ನು ಎರಡು ದೊಡ್ಡ ಮರಗಳ ನಡುವೆ ಎದೆಯ ಮಟ್ಟದಲ್ಲಿ ಬಿಗಿಯಾಗಿ ಎಳೆಯಬೇಕು. ತಂತಿಯು ತೊಗಟೆಯನ್ನು ಕೊರೆದು ಮರವನ್ನು ಸಾಯಿಸದಂತೆ, ತಂತಿಗೂ ಕಾಂಡಕ್ಕೂ ನಡುವೆ ಮರದ ತುಂಡುಗಳನ್ನಿಡಬೇಕು. ಈ ತಂತಿಗೆ ಮುಖ್ಯ ಕೊಳವೆಯನ್ನು ಅಡಿಗೊಂದರಂತೆ ಸಣ್ಣ ತಂತಿಯ ಕಟ್ಟುಗಳಿಂದ ಬಿಗಿಯತಕ್ಕದ್ದು. ನಡುವೆ ಎಲ್ಲಿ ಜೋಲುತ್ತದೆಯೋ ಅಲ್ಲಿ ಪಕ್ಕದ ಮರಗಳಿಗೆ ಅಡ್ಡ ತಂತಿಗಳನ್ನು ಕಟ್ಟಿ, ಎಡಕ್ಕೂ ಬಲಕ್ಕೂ ಎಳೆದು, ಗೆರೆ ಹೊಡೆದಂತೆ ನೆಟ್ಟಗಿರುವ ಒಂದೇ ಇಳಿಜಾರನ್ನು ಸಾಧಿಸಬೇಕು.

ಜೋಲು ಬಿದ್ದ ಕಡೆ ಏನಾಗುವುದೆಂದರೆ, ರಸವು ಆ ತಗ್ಗಿನಲ್ಲಿ ನಿಲ್ಲುತ್ತದೆ. ರಾತ್ರಿ ಅದು ಹೆಪ್ಪುಗಟ್ಟಿ ಬಿರಟೆಯಂತಾಗುತ್ತದೆ. ಬೆಳಗ್ಗೆ ಮೇಲಿನ ಮರಗಳು ಬಿಸಿಲಿಗೆ ರಸ ಬಿಡಲು ಮೊದಲುಮಾಡಿದರೂ, ಈ ಬಿರಟೆ ಕರಗುವವರೆಗೆ ಹರಿವು ಸಾಗದು. ಬಿಸಿ ದಿವಸಗಳಲ್ಲಿ ನಿಂತ ರಸವೇ ಹುಳಿತು, ಅದರ ಮೇಲೆ ಹರಿದು ಬರುವ ಒಳ್ಳೆಯ ರಸವನ್ನೂ ಕೆಡಿಸುತ್ತದೆ. ಉಬ್ಬಿದ್ದ ಕಡೆ ಇನ್ನೊಂದು ತೊಂದರೆ: ಮರಗಳಿಂದ ರಸದೊಡನೆ ಗಾಳಿಯ ಗುಳ್ಳೆಗಳೂ ಬರುವುದರಿಂದ, ಅವು ಉಬ್ಬಿನಲ್ಲಿ ಸೇರಿಕೊಂಡು ದಾರಿಯನ್ನು ಕಟ್ಟುತ್ತವೆ.

ಈ ಸಂದರ್ಭದಲ್ಲಿ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ತಿಳಿಸುವುದು ಅನುಚಿತವಾಗಲಾರದು. ಮಲೆನಾಡಿನ ಒಬ್ಬ ಅಡಕೆ ತೋಟದ ಯಜಮಾನರು ಗುಡ್ಡದ ಊಟೆಯ ನೀರನ್ನು ಕರಿಯ ಕೊಳವೆಯಿಂದ ತೋಟಕ್ಕೆ ತಂದಿದ್ದರು. ನಾಲ್ಕು ದಿನ ನೀರು ಚೆನ್ನಾಗಿ ಬಂದು ನಿಂತುಹೋಯಿತು. "ಸ್ವಾಮಿ, ಊಟೆಯಲ್ಲಿ ನೀರು ಮೊದಲಿನಷ್ಟೇ ಇದೆ, ಕೊಳವೆಯಲ್ಲಿ ಮಾತ್ರ ಬರುವುದಿಲ್ಲ, ಕೊಳವೆಯೇ ಕೆಟ್ಟದ್ದು, ಹಾಕಿದ ಹಣವೆಲ್ಲ ನೀರಿಲ್ಲದೆಯೇ ಮುಳುಗಿತು" ಎಂದು ಅವರು ನೊಂದುಕೊಂಡರು. ಕೊಳವೆಯ ಜೊತೆಯಲ್ಲಿಯೇ ನಡೆದು ನೋಡಿದಾಗ, ನಡುದಾರಿಯಲ್ಲಿ ಅದು ಒಂದು ಬಂಡೆಯ ಮೇಲೆ ಹತ್ತಿ ಇಳಿದಿತ್ತು. ಬಂಡೆಯು ಊಟೆಯ ಮಟ್ಟಕ್ಕಿಂತ ಕೆಳಗೇ ಇದ್ದರೂ, ಆ ಉಬ್ಬಿನಲ್ಲಿ ಗಾಳಿ ಸೇರಿಕೊಂಡಿತ್ತು. ಅಲ್ಲಿ ಒಂದು ಸಣ್ಣ ತಿರುಪನ್ನು ಹಾಕಿಸಿ ಬಿಚ್ಚಿಸಿದೊಡನೆ ಗಾಳಿ ಹೊರಟು ನೀರು ಹರಿಯಿತು. ಕೊಳವೆಯಲ್ಲಿ ದೋಷವಿರಲಿಲ್ಲ, ಹಾಕಿದ ದಾರಿಯಲ್ಲಿ ದೋಷವಿತ್ತು. ನೀರಿನ ಕೊಳವೆಗಾದರೆ ಹೀಗೆ ಗಾಳಿಯನ್ನು ಬಿಡಬಹುದು. ಮೇಪಲ್ ರಸದ ಕೊಳವೆಗೆ ಈ ಪರಿಹಾರ ಒಪ್ಪದು. ಏಕೆಂಬುದನ್ನು ಮುಂದೆ ಹೇಳಿದೆ. ಆದುದರಿಂದ ಅಲ್ಲಿ ಉಬ್ಬೇ ಇರಕೂಡದು.

೭. ಕವಲು ಕೊಳವೆಗಳು

ಕವಲನ್ನು ಮೇಲಿನ ತುದಿಯ ಮರಕ್ಕೆ ಸುತ್ತಿ ಕೊಂಡಿ ಹಾಕಿ, ಅಲ್ಲಿಂದ ಕೆಳಕ್ಕೆ ತರಬೇಕು. ಒಂದು ಮರದ ಎಡಗಡೆಯಿಂದ, ಮುಂದಿನ ಮರದ ಬಲಗಡೆಯಿಂದ, ಹೀಗೆ ಹಾವಿನ ನಡೆಯಂತೆ ಹಾಯಿಸಿ ಎಳೆದರೆ ಕೊಳವೆಯು ಮರಗಳಿಗೆ ಒತ್ತಿಕೊಂಡು ತಾನಾಗಿಯೇ ಬಿಗಿಯಾಗಿ ನಿಲ್ಲುತ್ತದೆ. ಮೊಳೆ ಹೊಡೆಯುವ ಅಗತ್ಯವಿಲ್ಲ. ಬೆರಳಿನಿಂದ ಮೀಟಿದರೆ ತಂಬೂರಿಯ ತಂತಿಯಂತೆ ಅದುರಬೇಕು. ಬಿಸಿಲಿಗೆ ಪ್ಲಾಸ್ಟಿಕ್ ಸಡಿಲವಾಗುವುದರಿಂದ ಸುಗ್ಗಿಯ ನಡುವೆ ಒಂದೆರಡು ಸಲ ಮತ್ತೆ ಬಿಗಿಮಾಡಬೇಕಾಗಬಹುದು. ಕವಲು ಮುಖ್ಯ ಕೊಳವೆಗೆ ಸೇರುವಾಗ ಮೇಲ್ಗಡೆಯಿಂದ ಸೇರತಕ್ಕದ್ದು. ಪಕ್ಕದಿಂದ ಅಥವಾ ಕೆಳಗಿನಿಂದ ಸೇರಿಸಿದರೆ ಮುಖ್ಯ ಕೊಳವೆಯ ರಸವು ಕವಲಿಗೆ ಹಿಂದಿರುಗಿ ನಿಲ್ಲುತ್ತದೆ.

ಇನ್ನು ಕೊಳವೆಯ ಗಾತ್ರದ ವಿಚಾರ. ಹೊಸಬರು ದಪ್ಪ ಕೊಳವೆಯಿದ್ದರೆ ರಸ ಹೆಚ್ಚು ಬರುವುದೆಂದು ತಿಳಿಯುತ್ತಾರೆ. ವಾಸ್ತವವಾಗಿ ಕಡಿದಾದ ಗುಡ್ಡದಲ್ಲಿ ಇದು ವಿಪರೀತ. ಪೀಪಾಯಿಯಿಂದ ಸೀಮೆಎಣ್ಣೆಯನ್ನು ರಬ್ಬರ್ ಕೊಳವೆಯಿಂದ ಇಳಿಸುವುದನ್ನು ಎಲ್ಲರೂ ನೋಡಿದ್ದಾರೆ. ಕೊಳವೆಯ ತುಂಬ ಎಣ್ಣೆ ಇರುವವರೆಗೆ, ಕೆಳಕ್ಕೆ ಇಳಿಯುವ ಎಣ್ಣೆಯ ಭಾರವು ಮೇಲಿನ ಎಣ್ಣೆಯನ್ನು ತನ್ನ ಹಿಂದೆ ಎಳೆಯುತ್ತದೆ; ನಡುವೆ ಗಾಳಿ ಸೇರಿದೊಡನೆ ಎಳೆತ ನಿಲ್ಲುತ್ತದೆ. ೫/೧೬ ಅಂಗುಲದ ಕೊಳವೆಯಲ್ಲಿ ರಸವು ಬಹುಮಟ್ಟಿಗೆ ತಳದಲ್ಲಿ ಹರಿದು, ಮೇಲೆ ಗಾಳಿ ಇರುತ್ತದೆ. ಆದುದರಿಂದ ಎಳೆತ ಅಲ್ಪ. ೩/೧೬ ಅಂಗುಲದ ಕೊಳವೆಯಲ್ಲಿ ದ್ವಾರವು ಇಕ್ಕಟ್ಟಾಗಿರುವುದರಿಂದ ರಸವು ಕೊಳವೆಯನ್ನು ತುಂಬಿಕೊಂಡೇ ಇಳಿಯುತ್ತದೆ. ಗುಳ್ಳೆಗಳೂ ರಸದ ತುಂಡುಗಳ ನಡುವೆ ಸಿಕ್ಕಿ ಜೊತೆಯಲ್ಲಿಯೇ ಕೆಳಗಿಳಿಯುತ್ತವೆ. ಆಗ ಮೇಲಿನ ಮರಗಳ ರಂಧ್ರದಲ್ಲಿ ಯಂತ್ರವಿಲ್ಲದೆಯೇ ನಿರ್ವಾತ ಉಂಟಾಗುತ್ತದೆ. ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಕ್ಟರ್ ಮೇಪಲ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ವಿಲ್ಮಾಟ್ ಎಂಬುವರು ಈ ಸಣ್ಣ ಕೊಳವೆಯ ಗುಣವನ್ನು ಪರೀಕ್ಷಿಸಿ ಪ್ರಚಾರಕ್ಕೆ ತಂದರು.

ಈ ಎಳೆತದ ಲೆಕ್ಕ ಸುಲಭ. ರಸವು ತುಂಬಿದ ಕೊಳವೆಯು ನೇರವಾಗಿ ಎಷ್ಟು ಅಡಿ ಇಳಿಯುತ್ತದೆಯೋ, ಪ್ರತಿ ಅಡಿಗೂ ಪಾದರಸದ ಮಾನದಲ್ಲಿ ಸುಮಾರು ೦.೮೮ ಅಂಗುಲದಷ್ಟು ನಿರ್ವಾತ ಉಂಟಾಗುತ್ತದೆ. ೧೦ ಅಡಿ ಇಳಿದರೆ ಸುಮಾರು ೯ ಅಂಗುಲ; ೩೦ ಅಡಿ ಇಳಿದರೆ ಸುಮಾರು ೨೬ ಅಂಗುಲ. ಗಾಳಿಯ ಒಟ್ಟು ಒತ್ತಡವೇ ಸಮುದ್ರಮಟ್ಟದಲ್ಲಿ ೩೦ ಅಂಗುಲವಾದ್ದರಿಂದ ಇದಕ್ಕಿಂತ ಹೆಚ್ಚಿನ ಇಳುಕಲಿನಿಂದ ಲಾಭ ಸ್ವಲ್ಪವೇ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಈ ಇಳುಕಲು ಮರಗಳಿಗಿಂತ ಕೆಳಗೆ ಇರಬೇಕು. ಒಂದು ಮರಕ್ಕೆ ಸಿಕ್ಕುವ ಎಳೆತವು ಆ ಮರದಿಂದ ಕೊಳವೆಯ ಕೊನೆಯವರೆಗೆ ಇರುವ ಇಳುಕಲನ್ನು ಅನುಸರಿಸುತ್ತದೆ. ತೊಟ್ಟಿಯ ಪಕ್ಕದಲ್ಲಿಯೇ ಇರುವ ಮರಕ್ಕೆ ಎಳೆತವು ಸಿಕ್ಕದು. ಗುಡ್ಡದ ನೆತ್ತಿಯ ಮರಕ್ಕೆ ಪೂರ್ಣವಾಗಿ ಸಿಕ್ಕುತ್ತದೆ. ಕೊನೆಯ ಮರದಿಂದ ಕೆಳಗೆ ಹತ್ತು ಅಡಿಯಾದರೂ ಇಳುಕಲು ಇಲ್ಲದ ಕಡೆ ೩/೧೬ ಅಂಗುಲದ ಕೊಳವೆಗೆ ಹಣ ಹಾಕುವುದು ವ್ಯರ್ಥ. ಅಲ್ಲಿ ೫/೧೬ ಅಂಗುಲದ್ದೇ ಸರಿ.

ಕವಲೊಂದಕ್ಕೆ ಹತ್ತಾರು ಮರಗಳಾದರೂ ಕೂಡಿದರೇ ಕೊಳವೆ ತುಂಬಿ ಹರಿಯುತ್ತದೆ. ೧೫ರಿಂದ ೩೦ ರಂಧ್ರಗಳನ್ನು ಕೂಡಿಸುವುದು ವಾಡಿಕೆ. ಎಲ್ಲಿಯೂ ಗಾಳಿಗೆ ದ್ವಾರವನ್ನು ಬಿಡಬಾರದು. ಬಂಡೆಯ ಮೇಲಿನ ನೀರಿನ ಕೊಳವೆಗೆ ಹೇಳಿದ ಪರಿಹಾರ ಇಲ್ಲಿ ಸಲ್ಲದೆಂದು ಹೇಳಿದುದು ಇದಕ್ಕಾಗಿಯೇ: ಒಂದು ಸೂಜಿಯಷ್ಟು ರಂಧ್ರವಿದ್ದರೂ ಇಡೀ ಕವಲಿನ ಎಳೆತವು ಅಲ್ಲಿಯೇ ಮುರಿಯುತ್ತದೆ.

೮. ರಂಧ್ರವನ್ನು ಕೊರೆಯುವ ಕ್ರಮ

ಕೊಳವೆಗಳೆಲ್ಲ ಸಿದ್ಧವಾದ ಮೇಲೆ, ರಸ ಇಳಿಯುವ ಹವೆ ಬಂದಾಗ ಕೊರೆಯತಕ್ಕದ್ದು. ಮರವು ಗಟ್ಟಿಯಾಗಿ ಹೆಪ್ಪುಗಟ್ಟಿರುವ ದಿವಸ ನಳಿಕೆ ಬಡಿದರೆ ಸೀಳು ಬಿಟ್ಟು ರಸ ಸೋರುತ್ತದೆ. ಬೈರಿಗೆಯ ಅಲಗು ಹರಿತವಾಗಿಯೂ ಶುದ್ಧವಾಗಿಯೂ ಇರಬೇಕು. ರಂಧ್ರದ ಗಾತ್ರ ೫/೧೬ ಅಂಗುಲ. ಆಳ ತೊಗಟೆ ಸೇರಿ ಒಂದೂವರೆಯಿಂದ ಎರಡು ಅಂಗುಲ. ರಸ ಒಳಗೆ ನಿಲ್ಲದೆ ಹೊರಕ್ಕೆ ಇಳಿಯುವಂತೆ, ಒಳಭಾಗವು ಸ್ವಲ್ಪ ಮೇಲಕ್ಕಿರುವಂತೆ ಕೊರೆಯಬೇಕು. ಹೊರಬರುವ ಹೊಟ್ಟು ಬೆಳ್ಳಗಿದ್ದರೆ ಮರ ಆರೋಗ್ಯವಾಗಿದೆ. ಕಂದು ಬಣ್ಣವಾದರೆ ಅದು ಹಳೆಯ ಗಾಯದ ಸತ್ತ ಕಟ್ಟಿಗೆ, ಅಲ್ಲಿ ರಸ ಸಿಕ್ಕದು. ನಳಿಕೆಯನ್ನು ಹಗುರವಾದ ಸುತ್ತಿಗೆಯಿಂದ ಎರಡು ಮೂರು ಪೆಟ್ಟಿಗೆ ಕೂಡಿಸಬೇಕು. ಶಬ್ದ ಗಡುಸಾದೊಡನೆ ನಿಲ್ಲಿಸತಕ್ಕದ್ದು.

ಕೊರೆದ ಪ್ರತಿ ರಂಧ್ರವೂ ಮರಕ್ಕೆ ಒಂದು ಗಾಯ. ಮರವು ಆ ಗಾಯದ ಮೇಲೂ ಕೆಳಗೂ ಕಟ್ಟಿಗೆಯ ಒಂದು ಪಟ್ಟಿಯನ್ನು ಮುಚ್ಚಿಕೊಂಡುಬಿಡುತ್ತದೆ. ಆ ಪಟ್ಟಿಯಲ್ಲಿ ಮತ್ತೆಂದೂ ರಸ ಹರಿಯದು. ಹೊಸ ಕಟ್ಟಿಗೆ ವರ್ಷವರ್ಷವೂ ಹೊರಗಡೆ ಬೆಳೆದು ನಷ್ಟವನ್ನು ತುಂಬುತ್ತದೆ. ಬೆಳವಣಿಗೆಗಿಂತ ಗಾಯ ಹೆಚ್ಚಾದರೆ ಮರ ಸೊರಗುತ್ತದೆ. ಆದುದರಿಂದ ಪ್ರತಿ ವರ್ಷವೂ ಹಳೆಯ ರಂಧ್ರದಿಂದ ಪಕ್ಕಕ್ಕೆ ಆರೇಳು ಅಂಗುಲ ಸರಿದು, ಮೇಲಕ್ಕೋ ಕೆಳಕ್ಕೋ ಮಟ್ಟವನ್ನು ಬದಲಾಯಿಸಿ ಕೊರೆಯಬೇಕು. ಇಳಿಗೊಳವೆಯನ್ನು ಮೂರು ಅಡಿಯವರೆಗೆ ಉದ್ದವಾಗಿ ಬಿಡುವ ಗುಟ್ಟು ಇದೇ. ಪ್ಲಾಸ್ಟಿಕ್ ಉಳಿಸಲು ಇಳಿಗೊಳವೆಯನ್ನು ಗಿಡ್ಡ ಮಾಡಿದವನು ಮರದ ಒಂದೇ ಮಗ್ಗುಲನ್ನು ವರ್ಷವರ್ಷವೂ ಕೊರೆದು, ಕೆಲವು ವರ್ಷಗಳಲ್ಲಿ ಸತ್ತ ಕಟ್ಟಿಗೆಯನ್ನೇ ಕೊರೆಯುವ ಸ್ಥಿತಿಗೆ ಬರುತ್ತಾನೆ.

೯. ನಿತ್ಯದ ಪರೀಕ್ಷೆ ಮತ್ತು ಶುದ್ಧಿ

ರಸ ಹರಿಯುವ ಮೊದಲನೆಯ ದಿವಸವೇ ಎಲ್ಲ ಕವಲುಗಳ ಜೊತೆಯಲ್ಲಿ ನಡೆದು ನೋಡಬೇಕು. ಕೊಳವೆ ಪಾರದರ್ಶಕವಾದ್ದರಿಂದ ಗುಳ್ಳೆಗಳೇ ಸುದ್ದಿಯನ್ನು ಹೇಳುತ್ತವೆ. ಗುಳ್ಳೆಗಳು ನಿಧಾನವಾಗಿ ಸರಿದರೆ ಚಿಂತೆಯಿಲ್ಲ. ಒಂದರ ಹಿಂದೆ ಒಂದು ವೇಗವಾಗಿ ಓಡಿದರೆ ಮೇಲೆ ಎಲ್ಲಿಯೋ ಗಾಳಿ ನುಗ್ಗುತ್ತಿದೆಯೆಂದು ಅರ್ಥ. ಅಳಿಲುಗಳು ಕೊಳವೆಯನ್ನು ಕಡಿಯುವುದುಂಟು. ಕೊಂಬೆ ಬಿದ್ದು, ಜಿಂಕೆ ಮತ್ತು ಮೂಸ್ ಎಂಬ ದೊಡ್ಡ ಕಡವೆ ಹಾಯ್ದು ಕಿತ್ತುಹೋಗುವುದೂ ಉಂಟು. ಕೆಟ್ಟ ತುಂಡನ್ನು ಕತ್ತರಿಸಿ ಹೊಸ ಕೂಡುಬಳೆಯಿಂದ ಜೋಡಿಸಬೇಕು.

ತೊಟ್ಟಿಯು ಪ್ರತಿ ರಂಧ್ರಕ್ಕೆ ಏಳೆಂಟು ಲೀಟರು ಹಿಡಿಯುವಷ್ಟಿದ್ದರೆ ಒಳ್ಳೆಯ ದಿವಸದ ರಸವೂ ಚೆಲ್ಲದು. ನೂರು ರಂಧ್ರಗಳಿಗೆ ೭೫೦ ಲೀಟರು. ರಸವು ಹಾಲಿನಂತೆ ಬೇಗ ಕೆಡುವ ವಸ್ತುವಾದ್ದರಿಂದ ಅದನ್ನು ತಣ್ಣಗಿಟ್ಟು, ಸಾಧ್ಯವಾದಷ್ಟು ಆ ದಿವಸವೇ ಕಾಯಿಸತಕ್ಕದ್ದು. ಪಾಕವು ನೀರು ಕುದಿಯುವ ಉಷ್ಣಕ್ಕಿಂತ ಸುಮಾರು ೪ ಸೆಂಟಿಗ್ರೇಡ್ ಡಿಗ್ರಿ ಹೆಚ್ಚು ಉಷ್ಣಕ್ಕೆ ಬಂದಾಗ ಹದವಾಯಿತೆಂದು ತಿಳಿಯುತ್ತಾರೆ. ನಮ್ಮ ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತ ಅನುಭವವಿರುವವರಿಗೆ ಈ ಹದದ ಮಾತನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಚಿಗುರು ಮೊಗ್ಗುಗಳು ಊದಿಕೊಂಡಾಗ ರಸದ ರುಚಿ ಕೆಡುತ್ತದೆ. ಸುಗ್ಗಿ ಮುಗಿಯಿತೆಂದು ತಿಳಿದು ಅಂದೇ ನಳಿಕೆಗಳನ್ನು ಕೀಳಬೇಕು. ಬಿಟ್ಟರೆ ಗಾಯ ಮುಚ್ಚದು. ಕೊಳವೆಗಳೊಳಗೆ ಉಳಿದ ರಸವನ್ನು ಬರಿದುಮಾಡಿ ತೊಳೆಯತಕ್ಕದ್ದು. ಸೋಡಿಯಂ ಸೇರಿದ ಬಿಳುಪು ಔಷಧದಿಂದ ತೊಳೆದರೆ ಉಪ್ಪಿನಂಶ ಉಳಿದು, ಆ ರುಚಿಗೆ ಅಳಿಲುಗಳು ಕೊಳವೆಯನ್ನೇ ಕಡಿಯುತ್ತವೆ. ಆದುದರಿಂದ ಅಮೆರಿಕಾದಲ್ಲಿ ಕ್ಯಾಲ್ಸಿಯಂ ಸೇರಿದುದನ್ನು ಉಪಯೋಗಿಸುವವರುಂಟು. ಯಾವುದರಿಂದ ತೊಳೆದರೂ ಮುಂದಿನ ಸುಗ್ಗಿಯ ಮೊದಲ ರಸವನ್ನು ಸ್ವಲ್ಪ ಹೊತ್ತು ಹೊರಕ್ಕೆ ಬಿಟ್ಟು ಅನಂತರ ಹಿಡಿಯಬೇಕು. ೩/೧೬ ಅಂಗುಲದ ಕೊಳವೆಯ ಕೂಡುಬಳೆಗಳು ಎರಡು ಮೂರು ವರ್ಷಗಳಲ್ಲಿ ಪಾಚಿಯಂಥ ಲೋಳೆಯಿಂದ ಕಟ್ಟಿಕೊಳ್ಳುವುದರಿಂದ ಅವನ್ನು ವಿಶೇಷವಾಗಿ ನೋಡಬೇಕು. ನಳಿಕೆಗಳನ್ನಂತೂ ಪ್ರತಿ ವರ್ಷ ಹೊಸದಾಗಿಯೇ ಹಾಕುವುದು ಮೇಲು. ಹಳೆಯ ನಳಿಕೆಯಲ್ಲಿ ಅಡಗಿರುವ ಸೂಕ್ಷ್ಮಜೀವಿಗಳು ಹೊಸ ರಂಧ್ರಕ್ಕೆ ಹೊಕ್ಕು, ಸುಗ್ಗಿ ಮುಗಿಯುವುದಕ್ಕೆ ಮುಂಚೆಯೇ ಅದನ್ನು ಒಣಗಿಸಿಬಿಡುತ್ತವೆ.

೧೦. ಆದಾಯದ ಅಂದಾಜು

ಬಕೆಟ್ಟಿನಿಂದಾಗಲಿ ಸಾಧಾರಣ ಇಳಿಜಾರಿನ ಕೊಳವೆಯಿಂದಾಗಲಿ ಒಂದು ರಂಧ್ರಕ್ಕೆ ಒಂದು ಸುಗ್ಗಿಯಲ್ಲಿ ಸುಮಾರು ೩೫ರಿಂದ ೪೦ ಲೀಟರು ರಸವನ್ನು ನಿರೀಕ್ಷಿಸಬಹುದು. ನೂರು ರಂಧ್ರಗಳಿಗೆ ೩,೮೦೦ ಲೀಟರು ರಸವೆಂದು ಹಿಡಿದರೆ, ಮೇಲೆ ಹೇಳಿದ ೪೩ರ ಲೆಕ್ಕದಂತೆ ಸುಮಾರು ೮೮ ಲೀಟರು ಪಾಕವಾಗುತ್ತದೆ. ಕಡಿದಾದ ಗುಡ್ಡದಲ್ಲಿ ಸಣ್ಣ ಕೊಳವೆಯನ್ನು ಕ್ರಮವಾಗಿ ಕಟ್ಟಿದವನಿಗೆ ಇದಕ್ಕಿಂತಲೂ ಹೆಚ್ಚು ದೊರೆಯುತ್ತದೆ. ಆದರೆ ನಿಜವಾದ ಲಾಭವು ಉಳಿಯುವ ಆಳಿನ ಕೆಲಸದಲ್ಲಿದೆ. ಹಿಂದೆ ಮನೆಮಂದಿಯೆಲ್ಲ ಬಕೆಟ್ಟು ಹೊರುತ್ತಿದ್ದ ತೋಪಿನಲ್ಲಿ ಇಂದು ಒಬ್ಬನು ಕೊಳವೆಗಳನ್ನು ನೋಡಿಕೊಂಡು, ಇನ್ನೊಬ್ಬನು ಒಲೆಯ ಮುಂದೆ ಇದ್ದರೆ ಸಾಕು.

೧೧. ಉಪಸಂಹಾರ

ಮೇಲೆ ಹೇಳಿದುದರ ಸಾರಾಂಶವಿಷ್ಟು: ಕೆಳಗಿನಿಂದ ಮೇಲಕ್ಕೆ ಅಳೆಯುವುದು, ಮೇಲಿನಿಂದ ಕೆಳಕ್ಕೆ ಕಟ್ಟುವುದು, ಎಲ್ಲಿಯೂ ಜೋಲು ಬಿಡದಿರುವುದು, ಎಲ್ಲಿಯೂ ಉಬ್ಬು ಇರದಂತೆ ನೋಡುವುದು, ಇಳುಕಲನ್ನು ಕಣ್ಣಿನಿಂದ ನಂಬದೆ ಮಟ್ಟದಿಂದ ನಂಬುವುದು, ಗಾತ್ರವನ್ನು ನೆಲದ ಇಳಿಜಾರಿಗೆ ತಕ್ಕಂತೆ ಆರಿಸುವುದು, ಮರಕ್ಕೆ ಗೊತ್ತಾದ ಮಿತಿಯನ್ನು ಮೀರದಿರುವುದು.

ಭೂಮಿಯ ಎಳೆತವೆಂಬ ಆಳು ಕೂಲಿಯನ್ನು ಕೇಳುವುದಿಲ್ಲ, ಹಗಲು ರಾತ್ರಿ ಎನ್ನುವುದಿಲ್ಲ. ಆದರೆ ಅವನಿಗೆ ದಾರಿಯನ್ನು ಸರಿಯಾಗಿ ಹಾಕಿಕೊಡದಿದ್ದರೆ ಒಂದು ಗೇಣು ಏರನ್ನೂ ಅವನು ಹತ್ತಲಾರನು. ಮಲೆನಾಡಿನಲ್ಲಿ ಅಬ್ಬಿಯ ನೀರನ್ನು ತರುವ ಮಹನೀಯರು ಈ ಮಳೆಗಾಲ ಕಳೆದ ಮೇಲೆ ತಮ್ಮ ಕೊಳವೆಗಳ ಜೊತೆಯಲ್ಲಿ ಊಟೆಯಿಂದ ತೋಟದವರೆಗೆ ಒಂದು ಸಲ ನಡೆದು, ಜೋಲೂ ಉಬ್ಬೂ ಇರುವ ಕಡೆಗಳಿಗೆ ಗುರುತು ಹಾಕಿಸಿ, ನೂರು ಅಡಿಗೆ ಎಷ್ಟು ಇಳುಕಲೆಂದು ಅಳೆಯಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಬೇಸಗೆಯಲ್ಲಿ ನೀರು ನಿಂತ ಮೇಲೆ ಕೊಳವೆಯನ್ನು ಶಪಿಸುವುದಕ್ಕಿಂ‌ತ ಈಗ ಅರ್ಧ ದಿವಸ ನಡೆಯುವುದು ಸುಲಭ. ಹಾಗೆಯೇ ಬೈನೆ, ತೆಂಗು, ಈಚಲುಗಳಿಂದ ರಸ ಇಳಿಸುವವರು, ಆ ಮರಗಳ ಕ್ರಮ ಬೇರೆಯಾದರೂ, ದೂರದೇಶದ ರೈತನು ನೂರು ವರ್ಷ ಬಾಳುವ ಮರಕ್ಕೆ ಎರಡೇ ರಂಧ್ರವೆಂದು ತನಗೆ ತಾನೇ ಹಾಕಿಕೊಂಡಿರುವ ಕಟ್ಟನ್ನು ನೆನೆದರೆ, ಈ ಲೇಖನವನ್ನು ಓದಿದ ಶ್ರಮ ಸಾರ್ಥಕವಾದೀತು.